ಗುಣೋತ್ತರ ಶ್ರೇಢಿಯೂ ಪರಿಗ್ರಹ ಪರಿಮಾಣವೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲವು ಕನ್ನಡಕ್ಕೆ ‘ಕವಿರಾಜಮಾರ್ಗ’ವನ್ನು ನೀಡಿತು; ಗಣಿತಕ್ಕೆ ‘ಗಣಿತಸಾರಸಂಗ್ರಹ’ವನ್ನು ನೀಡಿತು. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥವು ಸಂಖ್ಯಾಜ್ಞಾನದ ಬೆಳಕಿನಿಂದ ಲೋಕವನ್ನು ಬೆಳಗಿದ ವರ್ಧಮಾನ ಜಿನೇಂದ್ರನ ವಂದನೆಯೊಡನೆ ಆರಂಭವಾಗುತ್ತದೆ. ಲೌಕಿಕ ವ್ಯವಹಾರವಿರಲಿ, ಧಾರ್ಮಿಕ ವಿಚಾರವಿರಲಿ, ಗಣಿತವಿಲ್ಲದೆ ನಡೆಯದೆಂಬುದು ಆಚಾರ್ಯರ ನಿಲುವು.

ಇಂದು ಮಕ್ಕಳು ಕಲಿಯುವ ಗುಣೋತ್ತರ ಶ್ರೇಢಿಯು ಈ ಗ್ರಂಥದಲ್ಲಿ ಸ್ಪಷ್ಟ ನಿಯಮಗಳೊಡನೆ ಬಂದಿದೆ. ಮೊದಲ ಪದವು ‘ಆದಿ’. ಪದದಿಂದ ಪದಕ್ಕೆ ಗುಣಿಸುತ್ತ ಹೋಗುವ ಸಂಖ್ಯೆಯು ‘ಗುಣ’. ಪದಗಳ ಎಣಿಕೆಯು ‘ಗಚ್ಛ’. ಗಚ್ಛದಷ್ಟು ಸಾರಿ ಗುಣವನ್ನು ಗುಣಿಸಿ, ಆದಿಯಿಂದ ಗುಣಿಸಿದರೆ ‘ಗುಣಧನ’ ದೊರೆಯುತ್ತದೆ. ಅದರಿಂದ ಆದಿಯನ್ನು ಕಳೆದು, ಒಂದು ಕಡಿಮೆಯಾದ ಗುಣದಿಂದ ಭಾಗಿಸಿದರೆ ‘ಗುಣಸಂಕಲಿತ’, ಅಂದರೆ ಶ್ರೇಢಿಯ ಒಟ್ಟು ಮೊತ್ತ.

ಶ್ರಾವಕರಿಗೆ ಈ ಶ್ರೇಢಿಯು ಅಪರಿಚಿತವಲ್ಲ. ಜೈನ ಲೋಕವರ್ಣನೆಯಲ್ಲಿ ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ. ಅದನ್ನು ಬಳಸಿದ ಲವಣಸಮುದ್ರದ ಅಗಲ 2 ಲಕ್ಷ, ಧಾತಕೀಖಂಡದ್ದು 4 ಲಕ್ಷ, ಕಾಲೋದ ಸಮುದ್ರದ್ದು 8 ಲಕ್ಷ, ಪುಷ್ಕರವರ ದ್ವೀಪದ್ದು 16 ಲಕ್ಷ. ಮನುಷ್ಯಲೋಕವು ಪುಷ್ಕರದ ಅರ್ಧದವರೆಗೆ ಮಾತ್ರ. 2, 4, 8ರ ಮೊತ್ತ 14. ಅರ್ಧ ಪುಷ್ಕರದ 8 ಸೇರಿದರೆ 22. ಎರಡೂ ಪಾರ್ಶ್ವಗಳಿಗೆ 44, ನಡುವಿನ ಜಂಬೂದ್ವೀಪದ 1. ಅಢಾಯಿ ದ್ವೀಪದ ವ್ಯಾಸ 45 ಲಕ್ಷ ಯೋಜನವೆಂದು ಬಾಯಿಪಾಠವಾಗಿರುವ ಸಂಖ್ಯೆಯ ಹಿಂದೆ ಇರುವುದು ಈ ಲೆಕ್ಕವೇ.

ಆಚಾರ್ಯರು ಕೊಟ್ಟಿರುವ ಒಂದು ಉದಾಹರಣೆಯು ವ್ಯಾಪಾರಿಯದು. ಮೊದಲ ಪಟ್ಟಣದಲ್ಲಿ ಎರಡು ಹೊನ್ನು ಗಳಿಸಿದವನು ಮುಂದಿನ ಪ್ರತಿಯೊಂದು ಪಟ್ಟಣದಲ್ಲೂ ಹಿಂದಿನದರ ಮೂರರಷ್ಟು ಗಳಿಸುತ್ತಾನೆ. ಎಂಟನೆಯ ಪಟ್ಟಣದ ಗಳಿಕೆ ಎಷ್ಟು? ಉತ್ತರ 4374 ಹೊನ್ನು. ಎಂಟೂ ಪಟ್ಟಣಗಳ ಮೊತ್ತಕ್ಕೆ ಮೂರನ್ನು ಎಂಟು ಸಾರಿ ಗುಣಿಸಿದ 6561 ಬೇಕು. 3ರ ವರ್ಗ 9, ಅದರ ವರ್ಗ 81, ಅದರ ವರ್ಗ 6561, ಮೂರೇ ಹೆಜ್ಜೆ. ಗುಣಧನ 13122, ಎರಡನ್ನು ಕಳೆದು ಎರಡರಿಂದ ಭಾಗಿಸಿದರೆ ಮೊತ್ತ 6560.

ಇಲ್ಲಿ ವಿಚಾರಕ್ಕೆ ಎಡೆಯಿದೆ. ಮೊದಲ ಏಳು ಪಟ್ಟಣಗಳ ಒಟ್ಟು ಗಳಿಕೆ 2186. ಎಂಟನೆಯದೊಂದರಲ್ಲೇ ಅದರ ಎರಡರಷ್ಟಕ್ಕಿಂತ ಎರಡು ಹೊನ್ನು ಹೆಚ್ಚು. ಹೀಗಾಗಿ ಯಾವ ಪಟ್ಟಣದಲ್ಲಿ ನಿಲ್ಲಹೊರಟರೂ, ಅದುವರೆಗೆ ಗಳಿಸಿದ್ದೆಲ್ಲಕ್ಕಿಂತ ಹೆಚ್ಚನ್ನು ಮುಂದಿನ ಪಟ್ಟಣದಲ್ಲಿ ಬಿಟ್ಟುಕೊಡಬೇಕಾಗುತ್ತದೆ. ‘ಇನ್ನೊಂದು ಊರಾದ ಮೇಲೆ ಸಾಕು’ ಎನ್ನುವವನಿಗೆ ಸಾಕೆನ್ನುವುದು ದಿನದಿನಕ್ಕೆ ಕಠಿಣವಾಗುತ್ತದೆ. ಆಚಾರ್ಯರು ಈ ನೀತಿಯನ್ನು ಹೇಳಿಲ್ಲ, ಲೆಕ್ಕವನ್ನಷ್ಟೇ ಕೊಟ್ಟಿದ್ದಾರೆ. ಆದರೆ ಪರಿಗ್ರಹ ಪರಿಮಾಣ ಅಣುವ್ರತವು ಮಿತಿಯನ್ನು ಮೊದಲೇ ನಿಶ್ಚಯಿಸಬೇಕೆಂದು ಏಕೆ ವಿಧಿಸುತ್ತದೆ ಎಂಬುದನ್ನು ಈ ಲೆಕ್ಕ ಮನಗಾಣಿಸುತ್ತದೆ. ಗಚ್ಛವನ್ನು ನಿಗದಿಪಡಿಸದ ಶ್ರೇಢಿಗೆ ಕೊನೆಯಿಲ್ಲ. ಮಿತಿಯಿಲ್ಲದ ಆಸೆಗೂ ಇಲ್ಲ.

ಸತ್ಯವ್ರತವೂ ಇಲ್ಲಿ ಅನ್ವಯಿಸುತ್ತದೆ. ಗುಣೋತ್ತರ ಶ್ರೇಢಿಯನ್ನು ಜಗತ್ತಿನಲ್ಲಿ ಮೊದಲು ಕಂಡವರು ಜೈನರೆಂದು ಹೇಳಿಕೊಳ್ಳುವುದು ಸಲ್ಲದು. ಮಹಾವೀರಾಚಾರ್ಯರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ ಗ್ರೀಸಿನ ಯೂಕ್ಲಿಡನು ಇದರ ಮೊತ್ತವನ್ನು ಸಾಧಿಸಿದ್ದನು. ಲೋಕವರ್ಣನೆಯಿಂದ ವ್ಯಾಪಾರದವರೆಗೆ ಒಂದೇ ಲೆಕ್ಕವನ್ನು ಬಳಸಿದ ಪರಂಪರೆಯ ಹಿರಿಮೆಗೆ ಉತ್ಪ್ರೇಕ್ಷೆಯ ಆಸರೆ ಬೇಕಿಲ್ಲ.

ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ್ದು 1912ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು. ಬಸದಿಗಳ ಪಾಠಶಾಲೆಗಳಲ್ಲಿ ಅಢಾಯಿ ದ್ವೀಪದ ಪಟವನ್ನು ತೋರಿಸುವಾಗ 45 ಲಕ್ಷದ ಲೆಕ್ಕವನ್ನೂ ಮಕ್ಕಳಿಂದಲೇ ಮಾಡಿಸಿದರೆ, ಶಾಲೆಯ ಪಾಠವೂ ಮನೆಯ ಧರ್ಮವೂ ಒಂದೆಡೆ ಸೇರುತ್ತವೆ.