ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ತಂದೆ-ಮಗ



ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರಂನಲ್ಲಿ ನೀವು ಯಾವಾಗಲಾದರೂ ರೈಲಿಗಾಗಿ ಕಾದಿದ್ದೀರಾ? ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಹುಬ್ಬಳ್ಳಿ, ಮತ್ತೊಂದು ಕಡೆ ಹಾಸನ, ಮಂಗಳೂರು. ಅಲ್ಲಿ ಕುಳಿತವರ ಪಕ್ಕದಲ್ಲಿರುವ ಗಂಟುಮೂಟೆ ನೋಡಿದರೆ ಸಾಕು, ಯಾರು ನೆಂಟರ ಮನೆಗೆ ಹೊರಟವರು, ಯಾರು ಕೆಲಸ ಹುಡುಕಿಕೊಂಡು ಹೊರಟವರು ಎಂದು ಹೇಳಿಬಿಡಬಹುದು. ಪಾತ್ರೆ, ಹಾಸಿಗೆ, ಮಗುವಿನ ತೊಟ್ಟಿಲ ಬಟ್ಟೆ ಎಲ್ಲವೂ ಜೊತೆಗಿದ್ದರೆ ಆ ಸಂಸಾರ ಬೇಗ ಹಿಂದಿರುಗುವುದಿಲ್ಲ ಎಂದೇ ಅರ್ಥ. ದುಬೈಗೆ, ಅಮೆರಿಕಕ್ಕೆ ಹೋಗುವವರ ಮನೆಯಲ್ಲಿ ನಡೆಯುವ ಚರ್ಚೆಯೂ ಇದೇ ತಾನೆ? ಮೊದಲು ಒಬ್ಬನೇ ಹೋಗುವುದೋ, ಹೆಂಡತಿ ಮಕ್ಕಳನ್ನು ಕರೆದುಕೊಂಡೇ ಹೋಗುವುದೋ? ಈ ಪ್ರಶ್ನೆ ನಮ್ಮ ಕಾಲದ್ದೆಂದು ನೀವು ಭಾವಿಸಿದ್ದರೆ, ಅರಸೀಕೆರೆಯಿಂದ ಬಸ್ಸು ಹಿಡಿದು ಹಳೇಬೀಡಿಗೂ ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿಗೂ ಒಮ್ಮೆ ಹೋಗಿಬನ್ನಿ. ಸುಮಾರು 900 ವರ್ಷಗಳ ಹಿಂದೆ ಅಲ್ಲಿಗೆ ಕೆಲಸಕ್ಕೆ ಬಂದವರು ತಮ್ಮ ಹೆಸರನ್ನೂ ಊರನ್ನೂ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ.

ಮೊದಲು ಒಂದು ಮಾತು. ಆಗ ‘ಪರದೇಶ’ ಎಂದರೆ ಸಮುದ್ರದ ಆಚೆಯೇ ಆಗಬೇಕಾಗಿರಲಿಲ್ಲ. ಒಬ್ಬ ಅರಸನ ಸೀಮೆ ಮುಗಿದು ಇನ್ನೊಬ್ಬನ ಸೀಮೆ ಶುರುವಾದರೆ ಅದೇ ಪರದೇಶ. ಅಯ್ಯಾವೊಳೆಯ ವರ್ತಕ ಸಂಘದವರು ತಮ್ಮನ್ನು ‘ನಾನಾದೇಶಿ’ಗಳೆಂದು ಹೆಮ್ಮೆಯಿಂದ ಕರೆದುಕೊಳ್ಳುತ್ತಿದ್ದರು. ಅದೇ ಕನ್ನಡದಲ್ಲಿ ಇಂದು ‘ಪರದೇಶಿ’ ಎಂದರೆ ಗತಿಯಿಲ್ಲದವನು, ದಿಕ್ಕಿಲ್ಲದವನು! ಹೊರಗಿನಿಂದ ಬಂದವನ ಪಾಡು ಏನಾಗುತ್ತಿತ್ತು ಎಂಬುದನ್ನು ಈ ಒಂದು ಶಬ್ದವೇ ಹೇಳುತ್ತದೆ. ಆದರೆ ಬೇಲೂರಿಗೆ ಬಂದ ಪರದೇಶಿಗಳ ಕಥೆ ಅಂಥದಲ್ಲ.

ಹೊಯ್ಸಳ ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದುಕೊಂಡ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಇದು ಪಠ್ಯಪುಸ್ತಕದಲ್ಲೇ ಇದೆ, ನೀವು ಓದಿರುತ್ತೀರಿ. ಅಲ್ಲಿ ಸಾಮಾನ್ಯವಾಗಿ ಇಲ್ಲದ ಸಂಗತಿ ಇದು: ಅಷ್ಟು ದೊಡ್ಡ ಗುಡಿಯನ್ನು ಕಟ್ಟುವಷ್ಟು ಕೈಗಳು ಎಲ್ಲಿಂದ ಬಂದವು? ಹೊಯ್ಸಳರು ಮಲೆನಾಡಿನ ಅಂಚಿನಿಂದ ಮೇಲೆ ಬಂದ ಮನೆತನ. ಅವರಲ್ಲಿ ಗೆಲುವು ಇತ್ತು, ಹಣ ಇತ್ತು, ಹಂಬಲವೂ ಇತ್ತು. ಆದರೆ ಉಳಿಯ ಪಳಗಿದ ಪರಂಪರೆ ಹೆಚ್ಚಾಗಿ ಇದ್ದದ್ದು ಉತ್ತರಕ್ಕೆ, ಕಲ್ಯಾಣದ ಚಾಲುಕ್ಯರ ನಾಡಿನಲ್ಲಿ. ಲಕ್ಕುಂಡಿ, ಗದಗು, ಬಳ್ಳಿಗಾವೆಗಳ ಶಿಲ್ಪಿಗಳು ಅಷ್ಟು ಹೊತ್ತಿಗಾಗಲೇ ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿಗೆ ಕೈ ಹಾಕಿದ್ದರು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದ ಮೇಲೆ ಬರಬರುತ್ತ ಗಟ್ಟಿಯಾಗುವ ಈ ಕಲ್ಲು ಹೊಯ್ಸಳ ಸೀಮೆಯಲ್ಲೂ ಸಿಕ್ಕುತ್ತಿತ್ತು. ಮರಕ್ಕೆ, ದಂತಕ್ಕೆ ಒಗ್ಗುವಂಥ ನಯದ ಕೆತ್ತನೆ ಇದರಲ್ಲಿ ಸಾಧ್ಯ. ಅಂದರೆ ಉತ್ತರದ ಶಿಲ್ಪಿ ದಕ್ಷಿಣಕ್ಕೆ ಬಂದರೆ ಕಸುಬನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕಲ್ಲು ಅದೇ, ಉಳಿ ಅದೇ, ಭಾಷೆಯೂ ಅದೇ ಕನ್ನಡ. ಅರಸ ಮಾತ್ರ ಬೇರೆ.

ಹೀಗೆ ಬಂದವರಲ್ಲಿ ಇಬ್ಬರನ್ನು ನೀವು ನೆನಪಿಡಬೇಕು. ಒಬ್ಬ ಬಳ್ಳಿಗ್ರಾಮೆಯ ದಾಸೋಜ, ಇನ್ನೊಬ್ಬ ಅವನ ಮಗ ಚಾವಣ. ಬಳ್ಳಿಗ್ರಾಮೆ ಎಂದರೆ ಇಂದಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಇಂದು ಅದು ಸಣ್ಣ ಹಳ್ಳಿ. ಆಗ ಅದು ಬನವಾಸಿ ಪನ್ನಿರ್ಚ್ಛಾಸಿರದ ದೊಡ್ಡ ಪಟ್ಟಣ. ‘ದಕ್ಷಿಣ ಕೇದಾರ’ ಎಂದು ಹೆಸರಾದ ಕೇದಾರೇಶ್ವರನ ಊರು. ಮುಂದೆ 1162ರ ಶಾಸನವೊಂದು ಅಲ್ಲಿಯ ಕೋಡಿಯ ಮಠದಲ್ಲಿ ಪಾಠಪ್ರವಚನವೂ ದಾರಿಹೋಕರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ವರ್ಣಿಸುತ್ತದೆ. ಆದ್ದರಿಂದ ದಾಸೋಜ ಊಟಕ್ಕಿಲ್ಲದೆ ಊರು ಬಿಟ್ಟವನೆಂದು ಭಾವಿಸಲು ಕಾರಣವಿಲ್ಲ. ಗುಡಿಗಳು ತುಂಬಿದ ಊರಿನಲ್ಲಿ ಶಿಲ್ಪಿಗಳೂ ತುಂಬಿರುತ್ತಾರೆ. ಹೊಸ ಊರಿನಲ್ಲಿ ದೊಡ್ಡ ಕೆಲಸ ಶುರುವಾದ ಸುದ್ದಿ ಬಂದಾಗ ಸಮರ್ಥನಾದವನು ಎದ್ದು ಹೊರಡುವುದು ಸಹಜ. ಕಾಲ್ನಡಿಗೆಯಲ್ಲಿ, ಗಾಡಿಯಲ್ಲಿ, ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ.

ಆ ದಾರಿ ಸುಗಮವಾಗಿತ್ತೆ? ವಿಷ್ಣುವರ್ಧನ ಹೆಸರಿಗೆ ಚಾಲುಕ್ಯರ ಸಾಮಂತ. ಆದರೆ ತಲಕಾಡನ್ನು ಗೆದ್ದ ಮೇಲೆ ಅವನು ಯಾರ ಕೈಕೆಳಗೂ ಇರಲು ಒಪ್ಪಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಹನ್ನೆರಡು ಮಂದಿ ಸಾಮಂತರೊಡನೆ ಸೈನ್ಯವನ್ನು ಕಳುಹಿಸಿದ. 1118ರಲ್ಲಿ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಆ ಸೈನ್ಯದ ಮೇಲೆ ಹೊಯ್ಸಳ ದಂಡನಾಯಕ ಗಂಗರಾಜ ರಾತ್ರಿ ಎರಗಿ ಅದನ್ನು ಚದುರಿಸಿದ. ಚೆನ್ನಕೇಶವನ ಪ್ರತಿಷ್ಠೆಯಾಗಿ ಒಂದೇ ವರ್ಷ! ಒಂದು ಕಡೆ ಚಾಲುಕ್ಯರಿಗೂ ಹೊಯ್ಸಳರಿಗೂ ಯುದ್ಧ. ಇನ್ನೊಂದು ಕಡೆ ಚಾಲುಕ್ಯ ನಾಡಿನ ಊರುಗಳ ಹೆಸರು ಹೊತ್ತ ಶಿಲ್ಪಿಗಳು ಹೊಯ್ಸಳರ ಗುಡಿಗೆ ಶೃಂಗಾರ ಮಾಡುತ್ತಿದ್ದಾರೆ. ‘ನೀನು ಶತ್ರುವಿನ ಊರಿನವನು’ ಎಂದು ಯಾರೂ ಅವರ ಕೈಯ ಉಳಿಯನ್ನು ಕಸಿದುಕೊಳ್ಳಲಿಲ್ಲ. ಅವರೂ ತಮ್ಮ ಊರಿನ ಹೆಸರನ್ನು ಮುಚ್ಚಿಡಲಿಲ್ಲ. ಹೊಯ್ಸಳ ಅರಸನ ಗುಡಿಯಲ್ಲೇ ‘ಬಳ್ಳಿಗ್ರಾಮೆಯವನು’ ಎಂದು ಬರೆದರು. ನನಗೆ ಇದು ಆ ಕಾಲದ ಬಗ್ಗೆ ಹತ್ತು ಯುದ್ಧಗಳ ವಿವರಕ್ಕಿಂತ ಹೆಚ್ಚು ಹೇಳುವಂತೆ ತೋರುತ್ತದೆ.

ಬೇಲೂರಿನ ಮದನಿಕೆಯರನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಹೊರಗೆ 38, ಒಳಗೆ 4, ಒಟ್ಟು 42. ಇವುಗಳಲ್ಲಿ ನಾಲ್ಕು ದಾಸೋಜನ ಕೈಯವು, ಐದು ಚಾವಣನವು ಎಂದು ಲೆಕ್ಕ. ಮಗ ತಂದೆಗಿಂತ ಒಂದು ಹೆಚ್ಚು ಮಾಡಿದ್ದಾನೆ! ತಂದೆ ಅದನ್ನು ಕಂಡು ಮೀಸೆಯಡಿಯಲ್ಲಿ ನಕ್ಕಿರಬೇಕು. ಗದುಗಿನ ನಾಗೋಜನೂ ಇಲ್ಲಿ ದುಡಿದವನು. ಅವನೂ ಮಲ್ಲಿಯಣ್ಣನೂ ಹಕ್ಕಿ, ಪ್ರಾಣಿಗಳನ್ನು ಕೆತ್ತುವುದರಲ್ಲಿ ಗಟ್ಟಿಗರು. ಚಿಕ್ಕಹಂಪ, ಮಲ್ಲೋಜ ಮುಂತಾದವರ ಹೆಸರುಗಳೂ ಇವೆ. ಇವರೆಲ್ಲ ವಿನಯದ ಮೂರ್ತಿಗಳಾಗಿದ್ದರೆಂದು ತಿಳಿಯಬೇಡಿ. ತಾನು ಬಿರುದು ಹೊತ್ತ ಶಿಲ್ಪಿಗಳೆಂಬ ಮನ್ಮಥರಿಗೆ ಶಿವನಿದ್ದಂತೆ, ಅಂದರೆ ಎದುರಾಳಿಗಳನ್ನೆಲ್ಲ ಕಣ್ಣಲ್ಲೇ ಸುಟ್ಟುಬಿಡುವವನು ಎಂದು ಬರೆಸಿಕೊಂಡವರಿದ್ದಾರೆ. ನಾಲ್ಕು ಊರಿನವರು ಒಂದೇ ಗುಡಿಯ ಸುತ್ತ ಸೇರಿದಾಗ ಪೈಪೋಟಿ ಎಷ್ಟಿತ್ತೆಂದು ಇದರಿಂದ ತಿಳಿಯುತ್ತದೆ. ಹೆಸರು ಬರೆಯುವ ಅಭ್ಯಾಸಕ್ಕೂ ಇದೇ ಒಂದು ಕಾರಣವೆಂದು ನನ್ನ ಊಹೆ. ಸ್ವಂತ ಊರಿನಲ್ಲಿ ಎಲ್ಲರಿಗೂ ನಿಮ್ಮ ಕೈ ಗೊತ್ತು. ಪರಊರಿನಲ್ಲಿ ಹೆಸರು ಹೇಳಿಕೊಳ್ಳಲೇಬೇಕು.

ಈ ಹೆಸರುಗಳ ಬಾಲವನ್ನೂ ಗಮನಿಸಿ. ದಾಸೋಜ, ನಾಗೋಜ, ಮಲ್ಲೋಜ. ಈ ‘ಓಜ’ ಎಂಬುದು ಸಂಸ್ಕೃತದ ‘ಉಪಾಧ್ಯಾಯ’ ಶಬ್ದ ಸವೆದು ಬಂದ ರೂಪ. ಅಂದರೆ ಕಲಿಸುವವನು. ಕಲಿಯುವವನು ಯಾರು? ಮೊದಲು ಮಗ. ಈ ಕಸುಬಿನಲ್ಲಿ ಮನೆಯೇ ಪಾಠಶಾಲೆ. ಆದ್ದರಿಂದ ಶಿಲ್ಪಿ ಮನೆಯನ್ನು ಹಿಂದೆ ಬಿಟ್ಟು ಬಂದರೆ ಕಸುಬನ್ನೂ ಅರ್ಧ ಬಿಟ್ಟು ಬಂದಂತೆ. ಮಗ ಜೊತೆಗಿದ್ದರೆ ಅವನೇ ಶಿಷ್ಯ, ಅವನೇ ಸಹಾಯಕ, ನಾಳೆ ಅವನೇ ವಾರಸುದಾರ. ದಾಸೋಜನ ಹೆಂಡತಿಯ ಹೆಸರನ್ನು, ಚಾವಣನ ತಾಯಿಯ ಹೆಸರನ್ನು, ಕಲ್ಲು ಹೇಳುವುದಿಲ್ಲ. ಅಡಿಗೆ ಮಾಡಿದವರ, ಕಲ್ಲಿನ ಧೂಳು ಹಿಡಿದ ಬಟ್ಟೆ ಒಗೆದವರ ಹೆಸರನ್ನು ಪೀಠದ ಮೇಲೆ ಕೆತ್ತುವ ರೂಢಿ ಇರಲಿಲ್ಲ.

ಈಗ ನೀವು ಕೇಳಬಹುದು: ‘ಹಾಗಾದರೆ ಜಕಣಾಚಾರಿ?’ ಕೇಳಲೇಬೇಕಾದ ಪ್ರಶ್ನೆ. ತುಮಕೂರಿನ ಹತ್ತಿರದ ಕೈದಾಳದ ಜಕಣ ಮದುವೆಯಾದ ಹೊಸತರಲ್ಲಿ, ಗರ್ಭಿಣಿ ಹೆಂಡತಿಯನ್ನು ಬಿಟ್ಟು, ಕಲೆಯ ಹುಚ್ಚಿನಲ್ಲಿ ದೇಶಾಂತರ ಹೋದ. ಮಗ ಡಂಕಣ ಬೆಳೆದು ದೊಡ್ಡವನಾಗಿ, ತಂದೆಯನ್ನು ಹುಡುಕುತ್ತ ಬೇಲೂರಿಗೆ ಬಂದ. ತಂದೆ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಂಥ ಹಾಕಿದ. ಮೈಗೆ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ಒಳಗಿನಿಂದ ನೀರೂ ಕಪ್ಪೆಯೂ ಹೊರಬಂದವು. ಕೈ ಹೋಯಿತು, ಮಗ ಸಿಕ್ಕ. ಆಮೇಲೆ ಸ್ವಂತ ಊರಿನಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮತ್ತೆ ಬಂತು, ಊರು ಕೈದಾಳವಾಯಿತು. 1964ರಲ್ಲಿ ಬಂದ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿತು.

ಕಥೆ ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ಅಲ್ಲಗಳೆಯಲು ಮನಸ್ಸು ಬರುವುದಿಲ್ಲ. ಆದರೆ ಬೇಲೂರಿನ ಶಿಲ್ಪಿಗಳ ಸಹಿಗಳಲ್ಲಿ ಜಕಣನ ಹೆಸರು ಇಲ್ಲ. ಅಲ್ಲಿರುವುದು ದಾಸೋಜ, ಚಾವಣ. ಕಥೆಯಲ್ಲೂ ತಂದೆ-ಮಗ, ಕಲ್ಲಿನಲ್ಲೂ ತಂದೆ-ಮಗ; ಕಥೆಯಲ್ಲಿ ಅವರು ಒಬ್ಬರನ್ನೊಬ್ಬರು ಅರಿಯದೆ ಎದುರಾಳಿಗಳಾಗುತ್ತಾರೆ, ಕಲ್ಲಿನಲ್ಲಿ ಜೊತೆಯಾಗಿ ದುಡಿಯುತ್ತಾರೆ. ಜನ ಯಾಕೆ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಮರೆತರು? ಕೆಲಸಕ್ಕಾಗಿ ಊರು ಬಿಟ್ಟ ಗಂಡ, ಸುದ್ದಿಯಿಲ್ಲದೆ ಕಾದ ಹೆಂಡತಿ, ಅಪ್ಪನ ಮುಖ ನೋಡದೆ ಬೆಳೆದ ಮಗ: ಇದು ಬಹಳ ಮನೆಗಳ ಕಥೆಯಾಗಿದ್ದಿರಬೇಕು. ಎಲ್ಲರಿಗೂ ದಾಸೋಜನ ಅದೃಷ್ಟ ಇರಲಿಲ್ಲ. ಶಿಲ್ಪಿಗಳ ನಿಜವಾದ ಹೆಸರುಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದು ಬಿ. ಎಲ್. ರೈಸರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದಾಗ. ಆಮೇಲೆ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ಗುಡಿಯ ಬಗ್ಗೆಯೇ ಪುಸ್ತಕ ಬರೆದರು. ಅಷ್ಟಾದರೂ ಗೈಡುಗಳ ಬಾಯಲ್ಲಿ ಗೆದ್ದವನು ಜಕಣನೇ!

ಕೆಲಸ ಹುಡುಕಿ ಬಂದವರು ಶಿಲ್ಪಿಗಳು ಮಾತ್ರವಲ್ಲ. ಅರಸೀಕೆರೆಗೆ ಬನ್ನಿ. ಕಳಚುರ್ಯ ಅರಸರಲ್ಲಿ ದಂಡಾಧಿಪನಾಗಿದ್ದ ರೇಚರಸನೆಂಬವನು, 1180ರ ದಶಕದಲ್ಲಿ ಆ ರಾಜ್ಯ ಮುಳುಗಿದ ಮೇಲೆ, ಹೊಯ್ಸಳ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ. ಧಣಿ ಹೋದ ಮೇಲೆ ದೊಡ್ಡ ಅಧಿಕಾರಿಗೂ ಹೊಸ ನೌಕರಿ ಬೇಕಲ್ಲ! ಅವನು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ. ಅದೇ ಕಾಲದ್ದು ಅಲ್ಲಿಯ ನಕ್ಷತ್ರಾಕಾರದ ಮಂಟಪದ ಈಶ್ವರ ದೇವಾಲಯ. ಆಗ ಅರಸೀಕೆರೆ ವರ್ತಕರ ಊರು. ಹಡಗುಗಳಲ್ಲಿ ಆನೆ, ಕುದುರೆ, ಮುತ್ತುಗಳನ್ನು ತರಿಸಿ ಅರಸರಿಗೆ ಮಾರುತ್ತಿದ್ದ ಸೆಟ್ಟಿಗಳ ಸುದ್ದಿ ಈ ಸೀಮೆಯ ಶಾಸನಗಳಲ್ಲಿದೆ. ಮಲಯಾಳ ದೇಶದಿಂದ ಬಂದ ಕುಂಜನಂಬಿ ಸೆಟ್ಟಿಯಂಥವರು ಹೊಯ್ಸಳ ಅರಮನೆಗೇ ಬೇಕಾದವರಾಗಿದ್ದರು. ಚಾಲುಕ್ಯರ ಕಲ್ಯಾಣಕ್ಕಂತೂ ಕಾಶ್ಮೀರದಿಂದ ಬಿಲ್ಹಣ ಬಂದಿದ್ದ. ಊರೂರು ಅಲೆದು ಕೊನೆಗೆ ವಿಕ್ರಮಾದಿತ್ಯನ ಆಸ್ಥಾನದಲ್ಲಿ ‘ವಿದ್ಯಾಪತಿ’ಯಾದ ಅವನು, ಅರಸನ ಚರಿತ್ರೆಯ ಕಾವ್ಯದ ಕೊನೆಯ ಸರ್ಗದಲ್ಲಿ ತನ್ನ ಹುಟ್ಟೂರನ್ನು ವರ್ಣಿಸದೆ ಬಿಡಲಿಲ್ಲ. ಬೇರೆ ದೇಶದಲ್ಲಿ ದೊಡ್ಡ ಹುದ್ದೆ ಸಿಕ್ಕಿದವರು ಊರಿನ ನೀರಿನ ರುಚಿಯ ಮಾತೆತ್ತುವುದು ಇಂದಿಗೂ ಇದೆ.

ಬಂದವರನ್ನು ನಿಲ್ಲಿಸಿಕೊಳ್ಳುವ ಉಪಾಯವೂ ಅರಸರಿಗೆ ತಿಳಿದಿತ್ತು. ವಿದ್ವಾಂಸರಿಗೆ ಅಗ್ರಹಾರದಲ್ಲಿ ಮನೆ, ಉಣ್ಣಲು ಭೂಮಿಯ ವೃತ್ತಿ. ಸೋಮನಾಥ ದಂಡನಾಯಕ 1258ರಲ್ಲಿ ಸೋಮನಾಥಪುರವನ್ನು ನೆಲೆಗೊಳಿಸಿದ್ದು ಹೀಗೆಯೇ. ಶಿಲ್ಪಿಗೆ ಮಾತ್ರ ಒಂದು ಗುಡಿ ಮುಗಿದರೆ ಮುಂದಿನ ಗುಡಿಯೇ ವೃತ್ತಿ. ರೂವಾರಿ ಮಲ್ಲಿತಮ್ಮನನ್ನು ನೋಡಿ: 1196ರ ಅಮೃತಾಪುರದಲ್ಲಿ ಅವನ ಹೆಸರಿದೆ, 1246ರ ನುಗ್ಗೇಹಳ್ಳಿಯಲ್ಲಿದೆ, 1268ರ ಹೊತ್ತಿನ ಸೋಮನಾಥಪುರದಲ್ಲೂ ಇದೆ. ನುಗ್ಗೇಹಳ್ಳಿಯಲ್ಲಿ ಉತ್ತರದ ಗೋಡೆ ಅವನದು, ದಕ್ಷಿಣದ ಗೋಡೆ ನಂದಿಯಿಂದ ಬಂದ ಬೈಚೋಜನದು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೆತ್ತಿದಂತೆ! ಎಪ್ಪತ್ತು ವರ್ಷ ಊರೂರು ತಿರುಗಿದ ಮನುಷ್ಯ ಹೆಸರು ಬರೆದೂ ಬರೆದೂ ದಣಿದನೋ ಏನೋ, ಹಲವೆಡೆ ‘ಮಲ್ಲಿ’ ಎಂದೂ ಕೆಲವೆಡೆ ಬರೀ ‘ಮ’ ಎಂದೂ ಕೆತ್ತಿ ಮುಂದಕ್ಕೆ ಹೋಗಿದ್ದಾನೆ.

ಮುಂದೆ ಕಾಲ ತಿರುಗಿತು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನೇ ದೋರಸಮುದ್ರವನ್ನು ಬಿಟ್ಟು ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ನೆಲೆಸಿದ. ಕನ್ನಡಿಗ ಅಧಿಕಾರಿಗಳು ಅವನ ಹಿಂದೆ ತಮಿಳು ನಾಡಿಗೆ ನಡೆದರು. ಅಲ್ಲಿಯ ಪೊಯ್ಸಳೇಶ್ವರ ಗುಡಿಗೆ ಹೆಸರು ಹೊಯ್ಸಳರದು, ಶೈಲಿ ಮಾತ್ರ ತಮಿಳು ನಾಡಿನದು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರದ ಮೇಲೆ ಬಂತು. ಮತ್ತೊಂದು ದಾಳಿಯ ಬಳಿಕ ಮುಮ್ಮಡಿ ಬಲ್ಲಾಳ ತಿರುವಣ್ಣಾಮಲೆಯನ್ನು ನೆಲೆಮಾಡಿಕೊಂಡ. ನಾನಾ ದೇಶದವರು ಕೆಲಸ ಕೇಳಿಕೊಂಡು ಬರುತ್ತಿದ್ದ ರಾಜಧಾನಿ ‘ಹಳೇ ಬೀಡು’ ಆಯಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೀವು ಬೇಲೂರಿಗೆ ಹೋದಾಗ ಕಪ್ಪೆ ಚೆನ್ನಿಗರಾಯನ ಹೊಕ್ಕುಳನ್ನು ಧಾರಾಳವಾಗಿ ನೋಡಿ, ಎಲ್ಲರೂ ನೋಡುತ್ತಾರೆ. ಆಮೇಲೆ ಚೆನ್ನಕೇಶವನ ಗುಡಿಯ ಹೊರಸುತ್ತಿಗೆ ಬನ್ನಿ. ಬೆಳಗಿನ ಓರೆಬಿಸಿಲು ಇದ್ದರೆ ಒಳ್ಳೆಯದು. ಮದನಿಕೆಯ ಮುಖ, ಬಳುಕು, ಕೈಯ ಕನ್ನಡಿ ಇವುಗಳಿಂದ ಕಣ್ಣು ಕಿತ್ತು ಅವಳ ಕಾಲ ಕೆಳಗಿನ ಪೀಠವನ್ನು ನೋಡಿ. ಹಳೆಗನ್ನಡ ಲಿಪಿಯ ಸಣ್ಣ ಅಕ್ಷರಗಳು ಕಂಡರೆ, ಓದಲು ಬರುವವರನ್ನು ಕೇಳಿ ಒಂದೊಂದಾಗಿ ಕೂಡಿಸಿ.