ಗೆರೆ ಬಿಟ್ಟವನು

ಆಲುವದಲ್ಲಿ ನಾವು ಭಾನುವಾರ ಆಡುವ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಬ್ಯಾಟಿಂಗ್ ಟೀಮಿನವನೇ ಅಂಪೈರ್. ಹಾಗಾಗಿ ರನೌಟ್ ಎಂದರೆ ಜಗಳ ಎಂದೇ ಅರ್ಥ. 2022ರ ನವೆಂಬರಿನಲ್ಲಿ ಒಮ್ಮೆ ನಾನು ಬೌಲಿಂಗಿಗೆ ಓಡಿಬಂದಾಗ, ನಾನ್ ಸ್ಟ್ರೈಕರ್ ತುದಿಯಲ್ಲಿದ್ದ ನಮ್ಮ ಮನೆ ಮಾಲೀಕರ ಮಗ ಆಗಲೇ ಎರಡು ಹೆಜ್ಜೆ ಮುಂದೆ ಹೋಗಿದ್ದ. ಚೆಂಡು ಎಸೆಯದೆ ನಿಂತು ಸ್ಟಂಪಿಗೆ ತಾಗಿಸಿದೆ. "ಚೇಟಾ, ಇದು ಮೋಸ" ಎಂದ. ಉಳಿದವರೂ ಹಾಗೇ ಅಂದರು. ನಿಯಮ ನನ್ನ ಕಡೆಗಿತ್ತು, ಮೈದಾನ ಅವರದು. ಊರು ಬಿಟ್ಟು ಬಂದವನನ್ನು ವಾರಕ್ಕೊಮ್ಮೆ ಯಾರಾದರೂ ಆಟಕ್ಕೆ ಕರೆಯುವುದು ಸಣ್ಣ ವಿಷಯವಲ್ಲ. ಅಪೀಲ್ ವಾಪಸ್ ತೆಗೆದುಕೊಂಡೆ. ಮೋಸ ಎಂಬ ಮಾತು ಮಾತ್ರ ಮನಸ್ಸಿನಲ್ಲಿ ಕೂತುಬಿಟ್ಟಿತು.

ರನೌಟ್ ಬಹಳ ಹಳೆಯದು. ಗೆರೆ ಎಳೆಯುವ ಮೊದಲು ನೆಲದಲ್ಲಿ ಒಂದು ಗುಳಿ ಇರುತ್ತಿತ್ತಂತೆ. ಓಡಿಬಂದ ಬ್ಯಾಟರ್ ಅದರೊಳಗೆ ಬ್ಯಾಟ್ ಇಡುವ ಮುಂಚೆ ಫೀಲ್ಡರ್ ಚೆಂಡು ಇಟ್ಟರೆ ಔಟ್. ಬೆರಳು ಜಜ್ಜಿಸಿಕೊಂಡು ಸಾಕಾಗಿ ಗುಳಿ ಬಿಟ್ಟು ಗೆರೆಗೆ ಬಂದರು ಎಂದು ಹೇಳುತ್ತಾರೆ. 1744ರಲ್ಲಿ ನಿಯಮಗಳನ್ನು ಬರೆದಿಟ್ಟಾಗ ಗೆರೆ ಇತ್ತು. ಇವತ್ತಿಗೂ ಬ್ಯಾಟ್ ಗೆರೆಯ ಮೇಲಷ್ಟೇ ಇದ್ದರೆ ಔಟ್; ಅದನ್ನು ದಾಟಿ ಒಳಗೆ ನೆಲ ಮುಟ್ಟಿರಬೇಕು. ಬರಿಗಣ್ಣಿಗೆ ಸಿಗದ ಈ ಅಂತರಕ್ಕಾಗಿಯೇ ಟಿವಿ ಅಂಪೈರ್ ಬಂದದ್ದು. 1992ರ ನವೆಂಬರ್ 14ರಂದು ಡರ್ಬನ್‌ನಲ್ಲಿ ಹಾಗೆ ಮೊದಲು ರನೌಟಾದವರು ತೆಂಡೂಲ್ಕರ್.

ನನ್ನ ಜಗಳದ ಮೂಲ ಇರುವುದು ಸಿಡ್ನಿಯಲ್ಲಿ. 1947ರ ಡಿಸೆಂಬರ್ 13ರಂದು ವಿನೂ ಮಂಕಡ್, ಬೇಗ ಗೆರೆ ಬಿಟ್ಟ ಬಿಲ್ ಬ್ರೌನ್‌ರನ್ನು ಬೌಲ್ ಮಾಡುವ ಮೊದಲೇ ರನೌಟ್ ಮಾಡಿದರು. ಅದೇ ಪ್ರವಾಸದ ಹಿಂದಿನ ಪಂದ್ಯವೊಂದರಲ್ಲಿ ಎಚ್ಚರಿಸಿ, ಕೇಳದಿದ್ದಾಗ ಔಟ್ ಮಾಡಿದ್ದೂ ಆಗಿತ್ತು. ಎದುರಾಳಿ ನಾಯಕ ಬ್ರಾಡ್ಮನ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಮಂಕಡ್‌ರನ್ನೇ ಸಮರ್ಥಿಸಿದರು. ಆದರೂ 'ಮಂಕಡಿಂಗ್' ಎಂಬ ಪದ ಅಂಟಿಕೊಂಡಿತು. ಗೆರೆ ಬಿಟ್ಟದ್ದು ಬ್ರೌನ್, ಹೆಸರು ಕೆಟ್ಟದ್ದು ಮಂಕಡ್‌ರದು. ನಿಯಮಪುಸ್ತಕದಲ್ಲೂ ಇದು 'ಅನುಚಿತ ಆಟ'ದ ಅಧ್ಯಾಯದಲ್ಲಿತ್ತು. 2022ರ ಅಕ್ಟೋಬರ್ 1ರಿಂದ ಅದನ್ನು 38ನೇ ನಿಯಮಕ್ಕೆ, ಅಂದರೆ ಮಾಮೂಲಿ ರನೌಟಿಗೆ ಸೇರಿಸಿದರು. ನಮ್ಮ ಆಲುವದ ಮೈದಾನಕ್ಕೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ, ಅಷ್ಟೇ.

ಗುವಾಹಟಿಗೂ ತಲುಪಿರಲಿಲ್ಲವೇನೋ. 2023ರ ಜನವರಿ 10ರಂದು ಶ್ರೀಲಂಕಾದ ಶನಕ 98ರಲ್ಲಿ ನಾನ್ ಸ್ಟ್ರೈಕರ್ ತುದಿಯಲ್ಲಿದ್ದಾಗ ಶಮಿ ಹೀಗೇ ರನೌಟ್ ಮಾಡಿದರು; ರೋಹಿತ್ ಶರ್ಮಾ ಅಪೀಲ್ ಹಿಂತೆಗೆದುಕೊಂಡರು. ಶನಕ ಶತಕ ಹೊಡೆದರು, ಎಲ್ಲರೂ ರೋಹಿತ್‌ರನ್ನು ಹೊಗಳಿದರು. ನಾನು ವಾಪಸ್ ತೆಗೆದುಕೊಂಡಾಗ ಯಾರೂ ಹೊಗಳಿರಲಿಲ್ಲ.

ಐದು ದಿನದ ನಂತರ ಅದೇ ತಂಡಗಳು ತಿರುವನಂತಪುರದ ಕಾರ್ಯವಟ್ಟಂ ಸ್ಟೇಡಿಯಮ್ಮಿನಲ್ಲಿ ಆಡಿದವು. ಅವತ್ತು ನಮಗೆ ಸಂಕ್ರಾಂತಿ. ಡಬ್ಬಿಯಲ್ಲಿ ಎಳ್ಳುಬೆಲ್ಲ ಹಾಕಿಕೊಂಡು, ಮಾಲೀಕರ ಮಗನನ್ನೂ ಕರೆದುಕೊಂಡು ಆಲುವದಿಂದ ರೈಲು ಹತ್ತಿದೆ. ಗ್ಯಾಲರಿಯಲ್ಲಿ ಖಾಲಿ ಕುರ್ಚಿಗಳೇ ಎದ್ದು ಕಾಣುತ್ತಿದ್ದವು. ಭಾರತ 390 ಹೊಡೆಯಿತು, ಕೊಹ್ಲಿಯದೇ 166. ಆಮೇಲೆ ಸಿರಾಜ್ ನಾಲ್ಕು ವಿಕೆಟ್ ಕಿತ್ತರು. ಕರುಣರತ್ನೆ ಅವರ ಒಂದು ಚೆಂಡನ್ನು ತಡೆದು, ರನ್ನಿನ ಯೋಚನೆಯೇ ಇಲ್ಲದೆ ಗೆರೆಯ ಹೊರಗೇ ನಿಂತರು. ಸಿರಾಜ್ ಚೆಂಡು ಹಿಡಿದವರೇ ಸ್ಟಂಪಿಗೆ ಎಸೆದರು. ಔಟ್. ರನ್ ಓಡದಿದ್ದರೂ ರನೌಟ್ ಆಗುತ್ತದೆ. ಚೆಂಡು ಆಟದಲ್ಲಿದ್ದು ಬ್ಯಾಟರ್ ಹೊರಗಿದ್ದರೆ ಸಾಕು.

ಪಕ್ಕದ ಹುಡುಗ ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದ.

"ಇದು ಮೋಸ ಅಲ್ಲವಾ?" ಎಂದೆ.

"ಗೆರೆ ಬಿಟ್ಟಿದ್ದು ಅವನೇ ಅಲ್ವಾ ಚೇಟಾ" ಎಂದ. ನಂತರ ನನ್ನ ಮುಖ ನೋಡಿ ಸುಮ್ಮನೆ ಎಳ್ಳುಬೆಲ್ಲದ ಡಬ್ಬಿಗೆ ಕೈಹಾಕಿದ.

ಶ್ರೀಲಂಕಾ 73ಕ್ಕೆ ಮುಗಿಯಿತು. 317 ರನ್ನುಗಳ ಗೆಲುವು. ಸಿರಾಜ್ ಲೆಕ್ಕದಲ್ಲಿ ಮಾತ್ರ ನಾಲ್ಕೇ ವಿಕೆಟ್. ರನೌಟ್ ಯಾವ ಬೌಲರನ ಖಾತೆಗೂ ಸೇರುವುದಿಲ್ಲ, ತಾನೇ ಎಸೆದು ಉರುಳಿಸಿದರೂ. ಇದು ಶುದ್ಧ ಅನ್ಯಾಯ ಎಂದು ಹುಡುಗ ಆಲುವ ಬರುವವರೆಗೂ ನನ್ನ ಜೊತೆ ವಾದಿಸಿದ.