ಗಣಕಯಂತ್ರವೂ ಅದರ ಹಿಂಬದಿಯ ಪರಿವಾರವೂ

ರೇಡಿಯೋ ಇರುವ ಮನೆಯವರಿಗೆ ‘ಕಾರ್ಯಕ್ರಮ’ವೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಒಂದು ಪೆಟ್ಟಿಗೆ, ಒಂದು ಹೊತ್ತು, ಒಂದೇ ಕಾರ್ಯಕ್ರಮ. ರಾತ್ರಿಯ ಹೊತ್ತು ಧಾರವಾಡ ನಿಲಯದ ಮೇಲೆ ದೂರದ ಇನ್ನಾವುದೋ ನಿಲಯ ಬಂದು ಕುಳಿತರೆ ಎರಡೂ ಕೆಡುತ್ತವೆಂಬುದನ್ನು ನಾವೆಲ್ಲ ಅನುಭವದಿಂದ ಬಲ್ಲೆವು. ಆದುದರಿಂದ, ಮನೆಯ ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳದೆ ಹತ್ತಾರು ಪ್ರೋಗ್ರಾಂಗಳು ಒಟ್ಟಿಗೇ ಇರುತ್ತವೆಂದು ಯಾರಾದರೂ ಹೇಳಿದರೆ, ಯಂತ್ರ ತಡವರಿಸುವುದಕ್ಕೆ ಇವೇ ಕಾರಣವೆಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಹಾಗೆ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಅದರಿಂದ ಒಬ್ಬ ಹುಡುಗನಿಗೆ ನಷ್ಟವಾಯಿತು. ಆ ಸಂಗತಿಯನ್ನು ಮೊದಲು ಅರಿಕೆಮಾಡಿ, ಬಳಿಕ ಈ ಹಿಂಬದಿಯ ಪರಿವಾರದ ಚರಿತ್ರೆಯನ್ನು ಹೇಳುತ್ತೇನೆ.

೨೦೦೬ರ ಮಾತು. ನಾನು ಆಗ ಕೆಲಸಮಾಡುತ್ತಿದ್ದ ಪ್ರೌಢಶಾಲೆ ಹಡಗಲಿ ತಾಲೂಕಿನದು. ಮೈಲಾರದ ಕಡೆಯ ಹಳ್ಳಿಗಳ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಕಚೇರಿಯಲ್ಲಿ ಒಂದೇ ಗಣಕಯಂತ್ರ. ವಿಂಡೋಸ್ ಎಕ್ಸ್‌ಪಿ, ೨೫೬ ಎಂ.ಬಿ. ಮೆಮೊರಿ. ಪಾಲಕರಿಗೆ ಹೋಗಬೇಕಾದ ಸೂಚನಾಪತ್ರಗಳನ್ನು ಕನ್ನಡ ಮೇಷ್ಟ್ರೆಂಬ ಕಾರಣಕ್ಕೆ ನಾನೇ ‘ನುಡಿ’ಯಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಬರಬರುತ್ತ ಯಂತ್ರ ಎಷ್ಟು ಮಂದವಾಯಿತೆಂದರೆ, ಕೀಲಿ ಒತ್ತಿ ಅಕ್ಷರಕ್ಕಾಗಿ ಕಾಯುವಂತಾಯಿತು. ಪಟ್ಟಣದಿಂದ ಬಂದ ರಿಪೇರಿಯ ಹುಡುಗ ತೆರೆಯ ಕೆಳಮೂಲೆಯಲ್ಲಿದ್ದ ನುಡಿಯ ಗುರುತನ್ನು ತೋರಿಸಿ, “ಸರ್, ಈ ಕನ್ನಡದ್ದು ಹಿಂದ ಕುಂತು ಮೆಮೊರಿ ತಿಂತೈತಿ, ತೆಗೆದುಬಿಡ್ರಿ” ಎಂದ. ನಾನು ತಲೆಯಾಡಿಸಿದೆ. ತೆಗೆದು, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ; ಅಂದು ಅದು ಚುರುಕಾಗಿಯೇ ಓಡಿತು. ಯಾವ ಪ್ರೋಗ್ರಾಂ ತೆಗೆದಿದ್ದರೂ, ಏನೂ ತೆಗೆಯದಿದ್ದರೂ, ಆರಿಸಿ ಹಚ್ಚಿದ ಮಾತ್ರಕ್ಕೇ ಅಷ್ಟು ಚುರುಕು ಬರುತ್ತಿತ್ತೆಂಬುದು ನನಗೆ ತಿಳಿದದ್ದು ತಡವಾಗಿ.

ಅಲ್ಲಿಂದ ಏಳು ತಿಂಗಳು ನಮ್ಮ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ ಹೋದವು. ಯಂತ್ರ ವಾರದೊಳಗೆ ಮೊದಲಿನಂತೆಯೇ ಮಂದವಾಗಿತ್ತು. ಕನ್ನಡ ಮಾತ್ರ ಹಿಂತಿರುಗಲಿಲ್ಲ. ಒಂದು ದಿನ ಕುರಿ ಕಾಯುವ ಒಬ್ಬ ತಂದೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಮಡಿಸಿ ಮಡಿಸಿ ಹರಿಯುವಂತಾಗಿದ್ದ ಕಾಗದವನ್ನು ತಂದು, “ಇದರಾಗ ಏನ್ ಬರದೀರಿ, ಓದಿ ಹೇಳ್ರಿ ಸರ” ಎಂದ. ಮಗನ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ತಿಳಿಸುವ ಪತ್ರವದು. ಆ ದಿನ ಕಳೆದು ಒಂಬತ್ತು ದಿನಗಳಾಗಿದ್ದವು. ಊರಿನಲ್ಲಿ ಕನ್ನಡ ಓದಬಲ್ಲವರು ಬೇಕಾದಷ್ಟು ಜನ ಇದ್ದರು.

ಇಷ್ಟಾದ ಮೇಲೆ, ಆ ಹುಡುಗ ಹೇಳಿದ ಮಾತು ನಿಜವೇ ಎಂದು ಹುಡುಕತೊಡಗಿದೆ. ಹುಡುಕುತ್ತ ಹೋದಂತೆ ಈ ಪ್ರಶ್ನೆ ನಮ್ಮ ಮನೆಯ ಗಣಕಗಳಿಗಿಂತ ಬಹಳ ಹಳೆಯದೆಂದು ತಿಳಿಯಿತು.

ಗಣಕಗಳ ಮೊದಲ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಒಂದು ಯಂತ್ರ, ಒಂದು ಲೆಕ್ಕ. ಅದು ಮುಗಿದ ಮೇಲೆ ಇನ್ನೊಂದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ ೧೯೬೦ರಲ್ಲಿ ‘ಟಿಫ್ರಾಕ್’ ಎಂದು ಹೆಸರಿಟ್ಟ ಯಂತ್ರವೂ ಇದೇ ಕಾಲದ್ದು. ಆದರೆ ಈ ಕ್ರಮದಲ್ಲಿ ಒಂದು ದೊಡ್ಡ ಪೋಲು ಉಂಟು. ಫಲಿತಾಂಶವನ್ನು ಅಚ್ಚುಮಾಡುವ ಭಾಗವೂ, ಟೇಪು ಸುತ್ತುವ ಭಾಗವೂ ಬಹು ನಿಧಾನ. ಲೆಕ್ಕ ಮಾಡುವ ಭಾಗ ಬಹು ಬಿರುಸು. ಅವು ಮುಗಿಯುವತನಕ ಇದು ಕೈಕಟ್ಟಿ ಕುಳಿತಿರಬೇಕು. ಆ ಬಿಡುವಿನಲ್ಲಿ ಇನ್ನೊಬ್ಬರ ಕೆಲಸವನ್ನೇಕೆ ಮಾಡಬಾರದೆಂಬ ಯೋಚನೆಯಿಂದಲೇ ಹಿಂಬದಿಯ ಪರಿವಾರ ಹುಟ್ಟಿತು. ಯಂತ್ರವನ್ನು ನಿಧಾನಗೊಳಿಸುತ್ತದೆಂದು ನಾವು ದೂರುವ ಈ ಏರ್ಪಾಡು ಯಂತ್ರದ ಹೊತ್ತನ್ನು ಉಳಿಸುವುದಕ್ಕಾಗಿಯೇ ಬಂದದ್ದು.

೧೯೫೯ರಲ್ಲಿ ಇಂಗ್ಲೆಂಡಿನ ಕ್ರಿಸ್ಟೊಫರ್ ಸ್ಟ್ರೇಚಿ ಎಂಬಾತ ಪ್ಯಾರಿಸಿನ ಒಂದು ಸಮ್ಮೇಳನದಲ್ಲಿ ಯಂತ್ರದ ಹೊತ್ತನ್ನು ಹಂಚಿಕೊಳ್ಳುವ ವಿಷಯವಾಗಿ ಪ್ರಬಂಧ ಓದಿದ. ೧೯೬೧ರ ನವೆಂಬರಿನಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಅದನ್ನು ಮಾಡಿ ತೋರಿಸಿದರು. ಒಂದೇ ಯಂತ್ರ, ಅದಕ್ಕೆ ಹಲವರು ಒಡೆಯರು. ಒಬ್ಬೊಬ್ಬರಿಗೂ ಯಂತ್ರವೆಲ್ಲ ತನ್ನದೇ ಎಂಬ ಭಾವನೆ. ಒಂದೊಂದು ಕೆಲಸಕ್ಕೆ ಚಿಟಿಕೆ ಹೊಡೆಯುವಷ್ಟು ಹೊತ್ತೂ ಇಲ್ಲದ ಸರದಿ ಕೊಟ್ಟು ಯಂತ್ರ ಸುತ್ತುತ್ತಿರುತ್ತದೆ. ಸರದಿ ಬಂದಾಗ ‘ನನಗೇನೂ ಕೆಲಸವಿಲ್ಲ’ ಎನ್ನುವ ಪ್ರೋಗ್ರಾಂ ಏನನ್ನೂ ಖರ್ಚು ಮಾಡುವುದಿಲ್ಲವೆಂದೇ ಹೇಳಬಹುದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಮರುವರ್ಷ, ೧೯೬೨ರ ಡಿಸೆಂಬರಿನಲ್ಲಿ, ಮ್ಯಾಂಚೆಸ್ಟರಿನಲ್ಲಿ ‘ಅಟ್ಲಾಸ್’ ಯಂತ್ರದ ಉದ್ಘಾಟನೆಯಾಯಿತು. ಟಾಮ್ ಕಿಲ್ಬರ್ನರ ತಂಡ ಅದರಲ್ಲಿ ಒಂದು ಹೊಸ ಉಪಾಯ ಹೂಡಿತ್ತು. ಚುರುಕಾದ ಮೆಮೊರಿ ಅಂದು ಚಿನ್ನದಷ್ಟು ತುಟ್ಟಿ. ಅದು ಸಾಲದಾದಾಗ, ಸದ್ಯಕ್ಕೆ ಬೇಡವಾದ ಭಾಗವನ್ನು ಯಂತ್ರವೇ ನಿಧಾನವಾದ ಡ್ರಮ್ಮಿಗೆ ಸಾಗಿಸಿ, ಬೇಕಾದಾಗ ಮತ್ತೆ ಒಳಗೆ ತರುವುದು. ಇದರಿಂದ ಸ್ವಲ್ಪ ಮೆಮೊರಿ ಬಹಳವಾಗಿ ತೋರಿತು. ನಮ್ಮ ಮನೆಯ ಗಣಕಗಳಲ್ಲಿ ಇಂದಿಗೂ ನಡೆಯುತ್ತಿರುವುದು ಈ ಉಪಾಯವೇ. ಡ್ರಮ್ಮು ಹೋಗಿ ಡಿಸ್ಕ್ ಬಂತು, ಅಷ್ಟೆ.

ಉಪಾಯದ ಜೊತೆಗೆ ಅಪಾಯವೂ ಬಂತು. ಮೈಲಾರದ ಜಾತ್ರೆಯಲ್ಲಿ ಆರು ಜನ ಮಲಗುವ ಕೋಣೆಯನ್ನು ಇಪ್ಪತ್ತು ಜನ ಹಿಡಿದಿದ್ದಾರೆಂದು ಊಹಿಸಿರಿ. ಹದಿನಾಲ್ಕು ಜನ ತುಂಗಭದ್ರೆಯ ದಂಡೆಯಲ್ಲಿ ಬಂಡಿಯ ಕೆಳಗೆ ಮಲಗಿಬಿಟ್ಟರೆ ಯಾರಿಗೂ ತೊಂದರೆಯಿಲ್ಲ. ಇಪ್ಪತ್ತು ಜನಕ್ಕೂ ಅದೇ ಗಳಿಗೆಯಲ್ಲಿ ಒಳಗೆ ಕೆಲಸವಿದ್ದರೆ? ಒಬ್ಬ ಒಳಗೆ ಬರಲು ಒಬ್ಬ ಹೊರಗೆ ಹೋಗಬೇಕು. ಹೋದವನು ಬಾಗಿಲಲ್ಲೇ ತಿರುಗಿ ನಿಲ್ಲುತ್ತಾನೆ. ರಾತ್ರಿಯೆಲ್ಲ ಓಡಾಟವೇ ಹೊರತು ನಿದ್ದೆಯಿಲ್ಲ. ಗಣಕಕ್ಕೆ ಬರುವ ಈ ಅವಸ್ಥೆಯನ್ನು ೧೯೬೮ರಲ್ಲಿ ಪೀಟರ್ ಡೆನ್ನಿಂಗ್ ಎಂಬ ಅಮೆರಿಕದ ವಿದ್ವಾಂಸ ವಿವರಿಸಿದ. ಇದಕ್ಕೆ ಆಂಗ್ಲರ ಹೆಸರು ‘ಥ್ರ್ಯಾಶಿಂಗ್’. ಕಣದಲ್ಲಿ ತೆನೆ ಬಡಿಯುವ ಕೆಲಸಕ್ಕೂ ಆ ಮಾತಿಗೂ ನೆಂಟಸ್ತಿಕೆ ಉಂಟು. ನಮ್ಮ ಒಕ್ಕಲಿನಲ್ಲಾದರೋ ಕೊನೆಗೆ ಕಾಳು ಸಿಗುತ್ತದೆ, ಇಲ್ಲಿ ಬಡಿತವೊಂದೇ.

ಡೆನ್ನಿಂಗ್ ಎತ್ತಿ ತೋರಿಸಿದ್ದು ಇದು: ಎಷ್ಟು ಪ್ರೋಗ್ರಾಂಗಳಿವೆ ಎಂಬುದಕ್ಕಿಂತ, ಈ ಗಳಿಗೆಯಲ್ಲಿ ಕೆಲಸ ನಡೆಸುತ್ತಿರುವವುಗಳಿಗೆ ಬೇಕಾದ ಭಾಗಗಳೆಲ್ಲ ಮೆಮೊರಿಯಲ್ಲಿ ಹಿಡಿಸುತ್ತವೆಯೇ ಎಂಬುದು ಮುಖ್ಯ. ಹಿಡಿಸುವವರೆಗೂ ಎಲ್ಲ ಸರಾಗ. ಆ ಗಡಿ ದಾಟಿತೋ, ಮೆಲ್ಲಮೆಲ್ಲಗೆ ಅಲ್ಲ, ಯಂತ್ರ ಒಮ್ಮೆಲೇ ಕುಸಿಯುತ್ತದೆ.

ಇನ್ನು ಮನೆಯ ಗಣಕಕ್ಕೆ ಬರೋಣ. ೧೯೮೧ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿ ತನ್ನ ಪಿ.ಸಿ.ಯನ್ನು ಹೊರತಂದಾಗ, ಅದರ ‘ಡಾಸ್’ ವ್ಯವಸ್ಥೆ ಹಿಂದಿನ ಪಾಠಗಳನ್ನೆಲ್ಲ ಮರೆತಂತೆ ಒಂದು ಹೊತ್ತಿಗೆ ಒಂದೇ ಪ್ರೋಗ್ರಾಮನ್ನು ನಡೆಸುತ್ತಿತ್ತು. ಜನರ ಜಾಣ್ಮೆ ಸುಮ್ಮನಿರುವುದೆ? ಕೆಲಸ ಮುಗಿಸಿದಂತೆ ನಟಿಸಿ ಮೆಮೊರಿಯಲ್ಲೇ ಅಡಗಿ ಕೂರುವ ಪ್ರೋಗ್ರಾಂಗಳು ಬಂದವು. ೧೯೮೩ರ ಡಾಸ್‌ನಲ್ಲಿ, ನೀವು ಬೇರೆ ಕೆಲಸದಲ್ಲಿರುವಾಗ ಹಿಂದಿನಿಂದ ಅಚ್ಚುಮಾಡುತ್ತಿರುವ ‘ಪ್ರಿಂಟ್’ ಇತ್ತು. ೧೯೮೪ರಲ್ಲಿ ಬೋರ್ಲೆಂಡ್ ಕಂಪನಿಯ ‘ಸೈಡ್‌ಕಿಕ್’ ಬಂತು; ಎರಡು ಕೀಲಿ ಒತ್ತಿದರೆ ಟಿಪ್ಪಣಿಯ ಪುಸ್ತಕವೂ ಲೆಕ್ಕದ ಹಲಗೆಯೂ ಎದ್ದು ಬರುತ್ತಿದ್ದವು. ಇವುಗಳಿಂದ ಯಂತ್ರ ನಿಧಾನವಾಗುತ್ತಿದ್ದುದಕ್ಕಿಂತ ಹೆಚ್ಚಾಗಿ ಇಕ್ಕಟ್ಟಾಗುತ್ತಿತ್ತು. ಪ್ರೋಗ್ರಾಂಗಳಿಗೆಲ್ಲ ಸೇರಿ ಇದ್ದದ್ದು ೬೪೦ ಕೆ.ಬಿ.; ನಾಲ್ಕು ಜನ ಅಡಗಿ ಕುಳಿತರೆ ಐದನೆಯವನಿಗೆ ಜಾಗವಿಲ್ಲ. ಒಂದು ಇನ್ನೊಂದರ ಕಾಲು ತುಳಿದು ಯಂತ್ರವೇ ನಿಂತುಬಿಡುವುದೂ ಉಂಟು. ‘ಹಿಂದೆ ಕುಳಿತವು ಕೆಟ್ಟವು’ ಎಂಬ ಅಪವಾದ ಹುಟ್ಟಿದ್ದು ಇಲ್ಲಿಯೇ ಎಂದು ನನ್ನ ಎಣಿಕೆ. ಆ ಕಾಲಕ್ಕೆ ಅದರಲ್ಲಿ ಸತ್ಯವಿತ್ತು.

೧೯೯೦ರ ವಿಂಡೋಸ್ ೩.೦ರಲ್ಲಿ ಪ್ರೋಗ್ರಾಂಗಳು ತಾವಾಗಿಯೇ ಸರದಿ ಬಿಟ್ಟುಕೊಡಬೇಕಾಗಿತ್ತು. ಸಭೆಯಲ್ಲಿ ಮೈಕು ಹಿಡಿದ ಕೆಲವು ಭಾಷಣಕಾರರನ್ನು ನೀವು ನೋಡಿದ್ದೀರಿ; ಅಂಥದೊಂದು ಪ್ರೋಗ್ರಾಂ ಇದ್ದರೆ ಉಳಿದವುಗಳ ಗತಿ ಅಷ್ಟೇ. ೧೯೯೫ರ ವಿಂಡೋಸಿನಿಂದೀಚೆಗೆ ಹೊಸ ಮಾದರಿಯ ಪ್ರೋಗ್ರಾಂಗಳ ಕೈಯಿಂದ ಮೈಕು ಕಿತ್ತುಕೊಳ್ಳುವ ಅಧಿಕಾರ ವ್ಯವಸ್ಥೆಗೇ ಬಂತು.

ಈ ಹಿಂಬದಿಯ ಪರಿವಾರದಲ್ಲಿ ಕನ್ನಡವೂ ಸೇರಿದ ಬಗೆ ಕೇಳಬೇಕಾದದ್ದು. ಯಂತ್ರ ಇಂಗ್ಲಿಷಿಗಾಗಿ ಹುಟ್ಟಿದ್ದು. ಅದರ ಕೀಲಿಮಣೆಯೂ ಇಂಗ್ಲಿಷಿನದೇ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಏರ್ಪಾಡಿನಲ್ಲಿ ಭಾರತದ ಲಿಪಿಗಳ ಕೆಲಸಕ್ಕೆಂದೇ ಒಂದು ಬೇರೆ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸುತ್ತಿದ್ದರು. ಅದಕ್ಕೆ ದುಡ್ಡು ಬೇಕು. ಯಂತ್ರಗಳು ಬಲಿತ ಮೇಲೆ ಆ ಕೆಲಸಕ್ಕೆ ಪ್ರೋಗ್ರಾಮೇ ಸಾಕಾಯಿತು. ಮುದ್ರಣಾಲಯಗಳಲ್ಲಿ ‘ಶ್ರೀಲಿಪಿ’, ‘ಆಕೃತಿ’ಗಳು ನೆಲೆಯೂರಿದವು, ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನುಡಿಯ ಕೀಲಿಮಣೆಯ ಮೂಲ ಕೆ. ಪಿ. ರಾವ್ ಅವರ ವಿನ್ಯಾಸ. ‘ಕೆ’ ಒತ್ತಿದರೆ ಕಕಾರ, ಅದರ ಮೇಲೆ ‘ಎಫ್’ ಒತ್ತಿದರೆ ಅರೆಯಕ್ಷರ. ವ್ಯಾಕರಣ ಕಲಿತವನಿಗೆ ಇದೊಂದು ಹಬ್ಬ. ವ್ಯಂಜನ, ಸ್ವರ, ಒತ್ತಕ್ಷರಗಳು ಕೇಶಿರಾಜನ ಕಾಲದಿಂದ ನಾವು ತಿಳಿದ ಕ್ರಮದಲ್ಲೇ ಕೂಡಿಕೊಳ್ಳುತ್ತವೆ.

ಈ ಕೂಡಿಸುವ ಕೆಲಸಕ್ಕಾಗಿ ಕೀಲಿಮಣೆಯ ಪ್ರೋಗ್ರಾಂ ಹಿಂದೆ ಕುಳಿತಿರಲೇಬೇಕು. ಅದು ಎಷ್ಟು ತಿನ್ನುತ್ತದೆ? ಲೆಕ್ಕ ಹಾಕಿ ನೋಡೋಣ. ಅಂದಿನ ಸಾಧಾರಣ ಯಂತ್ರವೂ ಸೆಕೆಂಡಿಗೆ ೧೦೦ ಕೋಟಿ ಬಾರಿ ಮಿಡಿಯುತ್ತಿತ್ತು. ಬಹು ನುರಿತ ಬೆರಳಚ್ಚುಗಾರ ಸೆಕೆಂಡಿಗೆ ಎಂಟು ಕೀಲಿ ಒತ್ತಿಯಾನು. ಒಂದು ಕೀಲಿಗೂ ಇನ್ನೊಂದಕ್ಕೂ ನಡುವೆ ಹನ್ನೆರಡೂವರೆ ಕೋಟಿ ಮಿಡಿತ! ಕ-ಗೆ ಒತ್ತು ಕೊಡಬೇಕೆ ಬೇಡವೆ ಎಂದು ನೋಡಲು ಅದರ ಒಂದು ಚೂರೂ ಬೇಡ. ನಾವು ಕೀಲಿ ಒತ್ತದಿದ್ದಾಗ ಅದು ಸುಮ್ಮನೆ ನಿಂತಿರುತ್ತದೆ.

ಸುಮ್ಮನೆ ನಿಲ್ಲುವುದೆಂದರೇನೆಂದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಭಾರತ ಹುಣ್ಣಿಮೆಯ ತರುವಾಯ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಕೂಡಿರುತ್ತಾರೆ. ಡಮರುಗ, ಏಳುಕೋಟಿ ಘೋಷ, ಮಕ್ಕಳ ಅಳು, ಎಲ್ಲ ಇರುತ್ತದೆ. ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎನ್ನುತ್ತಾನೆ. ಕಾರ್ಣಿಕದ ಆ ಒಂದು ಮಾತು ಕೇಳಿಬರುವುದಕ್ಕೆ ಯಾರೂ ಮರಡಿಯಿಂದ ಎದ್ದು ಹೋಗಬೇಕಾಗಿಲ್ಲ. ಲಕ್ಷ ಜನ ನಿಂತಿದ್ದರೂ ಅಡ್ಡಿಯಿಲ್ಲ. ಹತ್ತು ಜನ ಕೂಗಾಡಿದರೆ ಕೆಟ್ಟಿತು.

ಹಾಗಾದರೆ ಕೂಗಾಡುವವರು ಯಾರು? ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಡಿಸ್ಕನ್ನು ತಡಕುವವರೇ. ತಿರುಗುವ ಡಿಸ್ಕಿಗೆ ಬರೆಯುವ ಓದುವ ಕೈ ಒಂದೇ ಎಡೆಯಲ್ಲಿರಬಲ್ಲುದು. ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹೊತ್ತು ಬೇಕು. ಗಣಕದ ಲೆಕ್ಕದಲ್ಲಿ ಅದೊಂದು ಯುಗ. ಪ್ರತಿ ಕಡತವನ್ನೂ ಮೂಸಿ ನೋಡುವ ಆಂಟಿವೈರಸ್, ತಾನಾಗಿ ಇಳಿಯುವ ಅಪ್‌ಡೇಟ್, ಕಡತಗಳ ಸೂಚಿ ತಯಾರಿಸುವ ಪ್ರೋಗ್ರಾಂ, ಇವೆಲ್ಲ ಒಟ್ಟಿಗೆ ಎದ್ದರೆ ಡಿಸ್ಕಿನ ಕೈ ಹುಚ್ಚು ಹಿಡಿದಂತೆ ಓಡಾಡುತ್ತದೆ. ಯಂತ್ರ ಹಚ್ಚಿದ ಮೊದಲ ಐದು ನಿಮಿಷ ಅಷ್ಟು ಜಡವಾಗಿರುವುದು ಇದಕ್ಕೇ. ತಿರುಗದ ಡಿಸ್ಕುಗಳಾದ ಎಸ್.ಎಸ್.ಡಿ.ಗಳು ಮನೆಗಳಿಗೆ ಬಂದ ಮೇಲೆ ಈ ಕಾಟ ಬಹಳ ಇಳಿದಿದೆ. ಮೆಮೊರಿ ಸಾಲದೆ ಬರುವ ಕಾಟ ಮಾತ್ರ ಬೇರೆ ವೇಷದಲ್ಲಿ ಉಳಿದುಕೊಂಡಿದೆ; ಈಗ ಬ್ರೌಸರಿನಲ್ಲಿ ತೆರೆದಿಟ್ಟು ಮರೆತ ಪುಟಗಳು ಆ ಜಾಗ ಹಿಡಿದಿವೆ.

ಇನ್ನೊಂದು ಭ್ರಮೆಯ ಮಾತನ್ನೂ ಹೇಳಿಬಿಡುತ್ತೇನೆ. ಮೆಮೊರಿ ಖಾಲಿಯಿದ್ದಷ್ಟೂ ಒಳ್ಳೆಯದೆಂದು ಜನ ತಿಳಿಯುತ್ತಾರೆ. ಮನೆಗಳಿಗೆ ೨೦೦೭ರಲ್ಲಿ ಬಂದ ವಿಂಡೋಸ್ ವಿಸ್ಟಾ, ನಾಳೆ ಬೇಕಾದೀತೆಂದು ಕೆಲವು ಪ್ರೋಗ್ರಾಂಗಳನ್ನು ಖಾಲಿ ಮೆಮೊರಿಯಲ್ಲಿ ಮೊದಲೇ ತಂದಿಡುತ್ತಿತ್ತು. ಬೇರೆಯವರು ಕೇಳಿದ ಕೂಡಲೆ ಜಾಗ ಬಿಟ್ಟುಕೊಡುತ್ತಿತ್ತು. ತುಂಬಿದ ಮೆಮೊರಿ ಕಂಡು ಗಾಬರಿಯಾದವರು ಅದನ್ನು ತೆರವು ಮಾಡುವ ಪ್ರೋಗ್ರಾಮನ್ನು ದುಡ್ಡು ಕೊಟ್ಟು ತಂದರು. ಆ ಪ್ರೋಗ್ರಾಂ ಎಲ್ಲಿ ಕೂರುತ್ತಿತ್ತು? ಹಿಂಬದಿಯಲ್ಲೇ.

ನಮ್ಮ ಕಚೇರಿಯ ಯಂತ್ರಕ್ಕೆ ಏನಾಗಿತ್ತೆಂಬುದು ಉಳಿಯಿತು. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆದರೆ ಯಾರು ನಿಂತಿದ್ದಾರೆ, ಯಾರು ಕೂಗುತ್ತಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಅದನ್ನು ತೆರೆಯಲು ನನಗೆ ಏಳು ತಿಂಗಳು ಹಿಡಿಯಿತು. ಒಂದರ ಮೇಲೊಂದು ಹಾಕಿದ ಎರಡು ಆಂಟಿವೈರಸ್‌ಗಳು ಅಲ್ಲಿ ಒಂದೇ ಕಡತವನ್ನು ಇಬ್ಬಿಬ್ಬರಾಗಿ ಮೂಸುತ್ತಿದ್ದವು. ಇದ್ದ ೨೫೬ ಎಂ.ಬಿ.ಯಲ್ಲಿ ಬಹುಪಾಲು ಅವುಗಳದೇ. ಒಂದನ್ನು ತೆಗೆಸಿ, ಇನ್ನೊಂದು ೨೫೬ ಎಂ.ಬಿ. ಮೆಮೊರಿ ಹಾಕಿಸಿದೆವು. ನುಡಿಯನ್ನು ಮತ್ತೆ ಹಾಕಿ ಅದೇ ಪಟ್ಟಿಯಲ್ಲಿ ಹುಡುಕಿದೆ. ಅದರ ಪಾಲು ಕೆಲವೇ ಎಂ.ಬಿ.; ಕೆಲಸದ ಅಂಕಣದಲ್ಲಿ ಸೊನ್ನೆ.

ಆ ಹುಡುಗನ ಅರ್ಜಿಯನ್ನು ಮರುವರ್ಷ ನಾನೇ ಕೂತು ತುಂಬಿಸಿದೆ. ಅದು ಮಂಜೂರಾಯಿತು. ಹೋದ ವರ್ಷದ ಹಣ ಬರಲಿಲ್ಲ.